ಬೆಂಗಳೂರಲ್ಲಿ ಮೆಕಾಟ್ರಾನಿಕ್ಸ್ ಜೊತೆಗೆ ಕಂಪ್ಯೂಟರ್ ಸೈನ್ಸ್ ಡಿಗ್ರಿಯನ್ನೂ ಓದಬಹುದಾ?

ಓದಬಹುದು. ಮೆಕಾಟ್ರಾನಿಕ್ಸ್ ಅಂದರೆ ಯಂತ್ರ, ಎಲೆಕ್ಟ್ರಾನಿಕ್ಸ್, ಪ್ರೋಗ್ರಾಮಿಂಗ್ ಮೂರೂ ಸೇರಿದ ಎಂಜಿನಿಯರಿಂಗ್. ಆದರೆ ಆಸ್ಟ್ರೇಲಿಯಾದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಇರುವಂತೆ, ಐದು ವರ್ಷಕ್ಕೆ ಎರಡೂ ಡಿಗ್ರಿ ಕೊಡುವ ಒಂದೇ ಕೋರ್ಸ್ ಇಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ನೀವೇ ಜೋಡಿಸಿಕೊಳ್ಳಬೇಕು.

ಆಸ್ಟ್ರೇಲಿಯಾದಲ್ಲಿ ಅಷ್ಟು ಬೇಗ ಮುಗಿಯುವುದು ಹೇಗೆ ಅಂದರೆ, ಗಣಿತ, ಪ್ರೋಗ್ರಾಮಿಂಗ್‌ನಂಥ ವಿಷಯಗಳು ಎರಡು ಡಿಗ್ರಿಗೂ ಬೇಕು. ಒಮ್ಮೆ ಪಾಸಾದರೆ ಎರಡೂ ಕಡೆ ಲೆಕ್ಕಕ್ಕೆ ಬರುತ್ತವೆ. ಇಲ್ಲಿ ಎರಡು ಕಡೆ ಸೇರಿದರೆ ಅದೇ ಗಣಿತವನ್ನು ಮತ್ತೆ ಬರೆಯಬೇಕಾಗಬಹುದು.

2022ರಿಂದ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಒಟ್ಟಿಗೆ ಎರಡು ಡಿಗ್ರಿ ಓದಲು ಬಿಟ್ಟಿದೆ. ಹಾಗಾಗಿ ಹಗಲು ಕಾಲೇಜಿನಲ್ಲಿ ಮೆಕಾಟ್ರಾನಿಕ್ಸ್ ಬಿಇ, ಜೊತೆಗೆ ಐಐಟಿ ಮದ್ರಾಸ್‌ನ ಆನ್‌ಲೈನ್ ಡೇಟಾ ಸೈನ್ಸ್ ಬಿಎಸ್ ಮಾಡಬಹುದು. ಅದು ಪೂರ್ತಿ ಕಂಪ್ಯೂಟರ್ ಸೈನ್ಸ್ ಅಲ್ಲ, ಹತ್ತಿರದ್ದು. ಎರಡನೇ ಡಿಗ್ರಿ ನಿಜವಾಗಿ ಬೇಕಾ ಅಂತ ಮೊದಲು ಯೋಚಿಸಿ. ಕಾಲೇಜಿನಲ್ಲಿದ್ದರೆ 'ಮೈನರ್' ತೆಗೆದುಕೊಳ್ಳಿ, ಅಂದರೆ ಬೇರೆ ವಿಭಾಗದ ಸುಮಾರು 18-20 ಕ್ರೆಡಿಟ್ ಹೆಚ್ಚುವರಿ ಓದು.

ಪೀಣ್ಯದ ಕಾರ್ಖಾನೆಗೆ ರೋಬಾಟ್ ಕೈ ಮಾಡುವವರಿಗೆ ಸೆನ್ಸರ್ ಓದಿ, ಲೆಕ್ಕ ಹಾಕಿ, ಮಿಲಿಸೆಕೆಂಡುಗಳಲ್ಲಿ ಮೋಟಾರ್ ತಿರುಗಿಸುವ ಕೋಡ್ ಬರೆಯಲು ಬಂದರೆ ಸಾಕು. ಅದಕ್ಕೆ ಅಲ್ಗಾರಿದಮ್, ಆಪರೇಟಿಂಗ್ ಸಿಸ್ಟಂ ಚೆನ್ನಾಗಿ ಗೊತ್ತಿರಬೇಕು, ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ಪ್ರೋಗ್ರಾಂ) ಥಿಯರಿ ಅಷ್ಟೇನೂ ಬೇಡ. ಸುಮ್ನೆ ಸರ್ಟಿಫಿಕೇಟ್‌ಗೋಸ್ಕರ ಎರಡು ಪರೀಕ್ಷೆ ಹೊರೆ ಹೊರುವುದು ನನಗಂತೂ ಜಾಸ್ತಿ ಅನಿಸುತ್ತದೆ.