ಹೊಸ ಕಾರ್ಮಿಕ ಸಂಹಿತೆ ಬಂದ ಮೇಲೆ ಸಣ್ಣ ಕಟ್ಟಡ ಗುತ್ತಿಗೆದಾರರಿಗೆ ಏನು ಬದಲಾಗಿದೆ?

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 30 ಜನರನ್ನಿಟ್ಟುಕೊಂಡು ಗಾರೆ, ಸೆಂಟ್ರಿಂಗ್ ಕೆಲಸ ಮಾಡಿಸುವವರು ಹೆಚ್ಚಾಗಿ ಕೇಳುವುದು ಲೈಸೆನ್ಸ್ ವಿಚಾರ. ಗುತ್ತಿಗೆ ಕಾರ್ಮಿಕರ ಹಳೆಯ ಕೇಂದ್ರ ಕಾಯ್ದೆಯಲ್ಲಿ 20 ಜನರಿದ್ದರೆ ಲೈಸೆನ್ಸ್ ಬೇಕಿತ್ತು. ಈಗ ಆ ಮಿತಿ 50.

ಆದರೆ ಲೈಸೆನ್ಸ್ ಬೇಡ ಅಂದರೆ ಲೆಕ್ಕವೂ ಬೇಡ ಅಂತಲ್ಲ. ಈ ನಾಲ್ಕರಲ್ಲಿ ಒಂದಾದ ವೇತನ ಸಂಹಿತೆ ಎಲ್ಲರಿಗೂ ಅನ್ವಯಿಸುತ್ತದೆ. ಕೆಲಸ ಬಿಟ್ಟವರಿಗೆ ಅಥವಾ ನೀವೇ ಬಿಡಿಸಿದವರಿಗೆ ಎರಡು ಕೆಲಸದ ದಿನಗಳೊಳಗೆ ಬಾಕಿ ಕೂಲಿ ಕೊಡಬೇಕು. "ಬಿಲ್ ಪಾಸಾದ ಮೇಲೆ ನೋಡೋಣ" ಅನ್ನೋ ಮಾತು ನಡೆಯಲ್ಲ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಶನಿವಾರದ ಬಟವಾಡೆ ತಪ್ಪಿದರೆ ಆ ಮನೆಯ ದಿನಸಿಯೇ ನಿಲ್ಲುತ್ತೆ ಅಲ್ವಾ?

ಮೇಸ್ತ್ರಿಯ ಜೇಬಿನ ಚಿಕ್ಕ ಪುಸ್ತಕದಲ್ಲಿ ಬರೀ "ರಾಜು, ಅರ್ಧ ದಿನ" ಅಂತ ಗೀಚಿದರೆ ಸಾಲದು. ಹೆಸರು, ದಿನ, ದರ, ಕೊಟ್ಟ ಹಣ ಎಲ್ಲ ಬರೆದಿಡಿ, ಸಹಿ ಹಾಕಿಸಿ. ಸಾಧ್ಯವಾದರೆ ಬ್ಯಾಂಕ್ ಖಾತೆಗೇ ಹಾಕಿ.

ಕಟ್ಟಡ ಕಾರ್ಮಿಕರ ಕಲ್ಯಾಣಕ್ಕಾಗಿ ಕಟ್ಟುವ ಸೆಸ್ ಹಾಗೇ ಇದೆ, ನಿರ್ಮಾಣ ವೆಚ್ಚದ ಶೇ. 1ರಿಂದ 2ರೊಳಗೆ. ಆದರೆ ಸ್ವಂತ ವಾಸದ ಮನೆಗೆ ವಿನಾಯಿತಿಯ ಮಿತಿ 10 ಲಕ್ಷದಿಂದ 50 ಲಕ್ಷಕ್ಕೆ ಏರಿದೆ. ಎಸ್ಟಿಮೇಟ್ ಬರೆಯುವಾಗ ಮನೆ ಮಾಲೀಕರಿಗೂ ಇದನ್ನು ತಿಳಿಸಿ.