ತಂಬಾಕಲ್ಲ ಮೇಡಂ, ಬರೀ ಅಡಿಕೆ

ತಂಬಾಕು ಬಿಡಿಸುವ ಆಪ್ತಸಲಹೆಯಲ್ಲಿ ಈ ಮಾತು ಪದೇ ಪದೇ ಕೇಳಿಬರುತ್ತದೆ. ಅದನ್ನು ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ, ತಮಗೆ ಅಪಾಯವಿಲ್ಲವೆಂದೇ ನಂಬಿರುತ್ತಾರೆ. ಆ ನಂಬಿಕೆಯಿಂದಾಗಿಯೇ ಈ ಪ್ರಕರಣ ಬರೆಯಬೇಕಾಯಿತು. ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ.

ಚನ್ನಗಿರಿ ಕಡೆಯ 34 ವರ್ಷದ ಗಾಡಿ ಚಾಲಕರು. ರಾತ್ರಿ ನಿದ್ದೆ ತಡೆಯಲು ಹಾಕಿಕೊಂಡ, ಅಡಿಕೆಯಿದ್ದು ತಂಬಾಕಿಲ್ಲದ ಪಾನ್ ಮಸಾಲಾ ಹತ್ತು ವರ್ಷದಲ್ಲಿ ದಿನಕ್ಕೆ 12 ಪ್ಯಾಕೆಟ್ ಆಗಿತ್ತು. ಹಲ್ಲುನೋವೆಂದು ಹೋದಾಗ ಬಾಯಿ ಸರಿಯಾಗಿ ತೆರೆಯದ್ದನ್ನು ಕಂಡ ದಂತವೈದ್ಯರು ಇಲ್ಲಿಗೆ ಕಳಿಸಿದ್ದರು. ಮೊದಲ ದಿನ ಮಾತು ಮುಂದೆ ಹೋಗಲಿಲ್ಲ.

ಎರಡನೇ ಸಲ ಹೆಂಡತಿಯೂ ಬಂದರು. ಮನೆಯ ಊಟದ ಬಗ್ಗೆ ಕೇಳಿದಾಗ ಆಕೆ ಹೇಳಿದರು: "ಎರಡು ವರ್ಷ ಆಯ್ತು ಮೇಡಂ, ಇವ್ರಿಗೆ ಬೇರೆ ಸಾರು ಮಾಡ್ತೀನಿ. ಖಾರ ಬಿದ್ರೆ ಬಾಯಿ ಉರಿ ಅಂತಾರೆ. ರೊಟ್ಟಿ ಬಿಟ್ರು, ಅನ್ನಾನೂ ಮೆತ್ತಗೆ ಮಾಡಿ ಹಾಕ್ತೀನಿ." ಅವರು ಮಧ್ಯೆ ಬಾಯಿ ಹಾಕಿ "ಅದು ಉಷ್ಣ" ಎಂದರು.

ಉಷ್ಣವಲ್ಲ. ಖಾರಕ್ಕೆ ಉರಿ, ಆಮೇಲೆ ಕೆನ್ನೆಯ ಒಳಭಾಗ ಬಿಳಚಿಕೊಂಡು ಬಿಗಿಯುವುದು, ಕೊನೆಗೆ ಬಾಯಿ ತೆರೆಯದಿರುವುದು: ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಬಾಯಿಯ ಕಾಯಿಲೆ ಸಾಮಾನ್ಯವಾಗಿ ಹೀಗೇ ಬರುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ಕೆನ್ನೆಯ ಒಳಪದರದಡಿ ನಾರು ಬೆಳೆಸುತ್ತದೆ. ಅಡಿಕೆಯಲ್ಲೇ ಇರುವ ತಾಮ್ರದಂಶ ಆ ನಾರನ್ನು ಗಟ್ಟಿಯಾಗಿ ಹೆಣೆಯುತ್ತದೆ. ಇದು ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ. ಹೆಂಡತಿ ಅಕ್ಕರೆಯಿಂದ ಖಾರ ತಗ್ಗಿಸಿದಷ್ಟೂ ರೋಗದ ಸುಳಿವು ಮನೆಯವರ ಕಣ್ಣಿಗೆ ಮರೆಯಾಗಿತ್ತು.

ಅವರದೇ ತೋರು, ನಡು, ಉಂಗುರದ ಬೆರಳುಗಳನ್ನು ಜೋಡಿಸಿ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ನೆಟ್ಟಗೆ ಇಡಲು ಹೇಳಿದೆ. ಸಾಮಾನ್ಯವಾಗಿ ಮೂರೂ ಹಿಡಿಸಬೇಕು. ಎರಡನೆಯದೇ ಕಷ್ಟವಾಯಿತು. ಅವರು ಸುಮ್ಮನಾದರು. ಆಗಲೇ ಹೆಂಡತಿ ಚೀಲದಿಂದ ಮೆಡಿಕಲ್ ಶಾಪಿನ ಹುಣ್ಣಿನ ಜೆಲ್ ತೆಗೆದದ್ದು. ಪ್ಯಾಕೆಟ್ ಪುಡಿ ಇಟ್ಟುಕೊಳ್ಳುತ್ತಿದ್ದ ಎಡಗೆನ್ನೆಯಲ್ಲಿ ಐದು ವಾರದ ಹುಣ್ಣು. ಜೆಲ್ ನೋವನ್ನಷ್ಟೇ ಮರೆಸುತ್ತದೆ. ಎರಡು ವಾರದಲ್ಲಿ ಮಾಯದ ಹುಣ್ಣನ್ನು, ನೋವಿರಲಿ ಬಿಡಲಿ, ವೈದ್ಯರಿಗೆ ತೋರಿಸಲೇಬೇಕು. ಶುರುವಿನ ಬಾಯಿ ಕ್ಯಾನ್ಸರ್ ಎಷ್ಟೋ ಸಲ ನೋಯುವುದೇ ಇಲ್ಲ.

"ಚೂರು ತೆಗೆದ್ರೆ ಹರಡುತ್ತಂತೆ" ಎಂದು ಬಯಾಪ್ಸಿಗೆ, ಅಂದರೆ ಹುಣ್ಣಿನ ಚೂರು ತೆಗೆದು ಪರೀಕ್ಷಿಸುವುದಕ್ಕೆ, ಅವರು ಹಿಂದೇಟು ಹಾಕಿದರು. ಹರಡುವುದಿಲ್ಲ, ಅದನ್ನು ಮಾಡದೆ ರೋಗ ಯಾವುದೆಂದು ಖಚಿತವಾಗಿ ಹೇಳುವ ದಾರಿಯೂ ಇಲ್ಲ. ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಆದರೆ ಜೀವಕೋಶಗಳಲ್ಲಿ ಕ್ಯಾನ್ಸರಿಗೆ ತಿರುಗಬಲ್ಲ ಬದಲಾವಣೆ ಶುರುವಾಗಿತ್ತು.

ಅಡಿಕೆಯನ್ನೇ ಪೂರ್ತಿ ಬಿಡಬೇಕೆಂದು ಕೊಟ್ಟ ಸಲಹೆ ಕಟುವೆಂದು ಮನೆಯ ಹಿರಿಯರಿಗೆ ಅನ್ನಿಸಿತು. "ಪ್ಯಾಕೆಟ್ ಬಿಡಲಿ, ಮನೇ ಎಲೆ-ಅಡಿಕೆ ಹಾಕ್ಕೊಳ್ಳಲಿ" ಎಂದರು. ನಾನು ಒಪ್ಪಲಿಲ್ಲ. ಅಡಿಕೆಯೇ ಅನ್ನ ಕೊಡುವ ಸೀಮೆಯಲ್ಲಿ ಹೀಗೆ ಹೇಳುವುದು ನೋವು ತರುತ್ತದೆ, ಗೊತ್ತು. ಆದರೆ ತಂಬಾಕಿಲ್ಲದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಬಿಗಿದ ಬಾಯಿಗೆ ತೋಟದ ಅಡಿಕೆ, ಪ್ಯಾಕೆಟ್ ಅಡಿಕೆ ಎಂಬ ಭೇದವಿಲ್ಲ.

ಒಂದು ಸೋಮವಾರ ಗೊತ್ತು ಮಾಡಿ ಪೂರ್ತಿ ಬಿಡುವುದೆಂದಾಯಿತು. ಭಾನುವಾರ ರಾತ್ರಿಯೇ ಗಾಡಿಯ ಡ್ಯಾಶ್‌ಬೋರ್ಡ್, ಅಂಗಿ ಜೇಬು ಖಾಲಿ. ತಿನ್ನಬೇಕೆನಿಸಿದಾಗ ಗಾಡಿ ಬದಿಗೆ ಹಾಕಿ ನೀರು ಗುಟುಕರಿಸಿ ಐದು ನಿಮಿಷ ತಡೆಯುವುದು. ಬಾಯಿ ಕೇಳಿದರೆ ಚಿಟಿಕೆ ಸೋಂಪು. ರಾತ್ರಿ ನಿದ್ದೆಗೆ ಮದ್ದು ನಿದ್ದೆಯೇ, ಆದ್ದರಿಂದ ಸತತ ರಾತ್ರಿ ಟ್ರಿಪ್ ಬೇಡವೆಂದು ಮಾಲೀಕರಲ್ಲಿ ಮಾತಾಡಿಸಿದೆ. ನಿಕೋಟಿನ್ ಗಮ್ ಕೇಳಿದರು, ಬೇಡವೆಂದೆ: ತಂಬಾಕಿಲ್ಲದವರಿಗೆ ಅದು ಸಲ್ಲದು. (ಜೊತೆಗೆ ತಂಬಾಕಿನ ಪ್ಯಾಕೆಟ್ ಬೆರೆಸುವವರ ವಿಷಯ ಬೇರೆ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೂ ಪಾನ್ ಮಸಾಲಾ, ತಂಬಾಕು ಎರಡನ್ನೂ ಬೇರೆ ಬೇರೆ ಕೊಂಡು ಬೆರೆಸುವುದು ನಿಂತಿಲ್ಲ. ಅಂಥವರು 1800-11-2356ಕ್ಕೆ ಉಚಿತವಾಗಿ ಕರೆಮಾಡಬಹುದು.) ಕೆನ್ನೆಗೆ ಉಜ್ಜುತ್ತಿದ್ದ ಚೂಪು ಹಲ್ಲನ್ನು ದಂತವೈದ್ಯರು ನುಣುಪು ಮಾಡಿದರು, ಐಸ್‌ಕ್ರೀಂ ಕಡ್ಡಿಗಳನ್ನು ಹಲ್ಲಿನ ನಡುವೆ ಜೋಡಿಸಿ ಬಾಯಿ ಹಿಗ್ಗಿಸುವ ವ್ಯಾಯಾಮ ಕಲಿಸಿದರು.

ತಿಂಗಳಿಗೊಮ್ಮೆ ಕನ್ನಡಿ ಮುಂದೆ ಬಾಯಿ ನೋಡಿಕೊಳ್ಳುವುದನ್ನು ಹೆಂಡತಿಗೂ ತೋರಿಸಿಕೊಟ್ಟೆ. ಒಳ್ಳೆ ಬೆಳಕು, ಕೈ ತೊಳೆದಿರಬೇಕು. ತುಟಿ ಮಡಚಿ, ಕೆನ್ನೆ ಎಳೆದು, ಒಸಡಿನ ಸಂದು ನೋಡಬೇಕು. ನಾಲಿಗೆ ತುದಿಯನ್ನು ಬಟ್ಟೆಯಲ್ಲಿ ಹಿಡಿದು ಎರಡೂ ಅಂಚು, ಅಡಿಭಾಗ. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಅಪಾಯದ ಕೆಂಪು ಮಚ್ಚೆ, ಕಾರಣವಿಲ್ಲದೆ ಅಲುಗುವ ಹಲ್ಲು, ಕತ್ತಿನ ಗಂಟು ಕಂಡರೆ ಕಾಯಬಾರದು.

ಮೂರು ತಿಂಗಳ ನಂತರ ಉರಿ ತಗ್ಗಿತ್ತು, ಎರಡು ಬೆರಳು ಸಲೀಸಾಗಿ ಹಿಡಿಸುತ್ತಿದ್ದವು. ಇನ್ನು ಖಾರ ಹಾಕಬಹುದಾ ಎಂದು ಆಕೆ ಕೇಳಿದರು. ಸ್ವಲ್ಪ ಸ್ವಲ್ಪ ನೋಡಿ ಎಂದೆ. ಉರಿ ಹೋದರೂ ಒಳಗಿನ ನಾರು ಕರಗುವುದಿಲ್ಲ, ವೈದ್ಯರು ಹೇಳಿದ ತಪಾಸಣೆ ಒಂದನ್ನೂ ತಪ್ಪಿಸಬೇಡಿ ಎಂದು ಮುಂದಿನ ತಾರೀಕು ಬರೆದುಕೊಟ್ಟೆ.