ತಲೆ ಸುತ್ತಿದರೆ ಹುಳದ ಮಾತ್ರೆ ಯಾಕೆ?

ಪ್ರಶ್ನೆ: ರಾತ್ರಿ ಮಗ್ಗುಲು ಬದಲಿಸಿದರೆ ಮನೆಯೇ ಗಿರ್ರನೆ ತಿರುಗುತ್ತದೆ. ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ. ಹೊಟ್ಟೆಯ ಹುಳ ಕಿವಿಗೆ ಏರಿದೆ ಎಂದು ಊರಲ್ಲೊಬ್ಬರು ಹೇಳಿದರು. ಎರಡು ಸಲ ಮಾತ್ರೆ ನುಂಗಿದೆ, ಗುಣವಿಲ್ಲ. ಇನ್ನೊಮ್ಮೆ ತಗೊಳ್ಳಲಾ?
– ಅಡಿಕೆ ಬೆಳೆಗಾರರು, ಶಿರಸಿ

ಬೇಡ. ಮಳೆಗಾಲ ಬಂತೆಂದರೆ ನನಗೆ ಇದೇ ಪ್ರಶ್ನೆ, ಸಾಕಾಗಿಹೋಗಿದೆ. ಹೊಟ್ಟೆಯ ಜಂತುಹುಳ ಒಳಗಿವಿಗೆ ಹೋಗಿ ತಲೆ ತಿರುಗಿಸುವುದಿಲ್ಲ.

ನೀವು ಬರೆದ ಲಕ್ಷಣ ನೋಡಿದರೆ ಇದು ಹರಳಿನ ತೊಂದರೆ ಇರಬೇಕು. ಒಳಗಿವಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸುಣ್ಣದ ಹರಳುಗಳಿವೆ. ಅವು ಜಾಗ ಬಿಟ್ಟು ಪಕ್ಕದ ಅರೆವೃತ್ತದ ಕೊಳವೆಗೆ ಜಾರಿದರೆ, ತಲೆ ಆಡಿಸಿದಾಗೆಲ್ಲ ಲೋಕ ಸುತ್ತುತ್ತದೆ. ಮಾತ್ರೆಗೆ ಅವು ಜಗ್ಗುವುದಿಲ್ಲ. ವೈದ್ಯರು ನಿಮ್ಮ ತಲೆಯನ್ನು 45 ಡಿಗ್ರಿ ಒಂದು ಕಡೆ ತಿರುಗಿಸಿ, ಸರಕ್ಕನೆ ಅಂಗಾತ ಮಲಗಿಸಿ ಕಣ್ಣು ನೋಡುತ್ತಾರೆ. ಎರಡು ಮೂರು ಸೆಕೆಂಡ್ ಏನೂ ಇಲ್ಲ. ಆಮೇಲೆ ಕಣ್ಣುಗುಡ್ಡೆ ತಾನಾಗಿ ಪಟಪಟ ಹೊಡೆದುಕೊಳ್ಳತೊಡಗುತ್ತದೆ. ರೋಗ ಸಿಕ್ಕಿತು. ಅದೇ ಮಂಚದ ಮೇಲೆ ಎಪ್ಲಿ ಎಂಬ ಕ್ರಮದಲ್ಲಿ ತಲೆ ಹೊರಳಿಸಿ ಹರಳನ್ನು ಹಿಂದಕ್ಕೆ ಕಳಿಸುತ್ತಾರೆ. ಹೆಚ್ಚಿನವರಿಗೆ ಒಂದೆರಡು ಸಲಕ್ಕೇ ಸರಿಹೋಗುತ್ತದೆ. ಅಲ್ಲಿಯವರೆಗೆ ಮರ, ಏಣಿ, ಕಾಲುಸಂಕ, ಬೈಕು ಯಾವುದೂ ಬೇಡ. ಕೊನೆ ಕೊಯ್ಯುವುದಕ್ಕೆ ಬೇರೆಯವರನ್ನು ಕರೆಯಿರಿ.

ಹಾಗಾದರೆ ಪರೋಪಜೀವಿಗೂ ಒಳಗಿವಿಗೂ ಸಂಬಂಧವೇ ಇಲ್ವಾ? ಇದೆ, ಆದರೆ ಅಪರೂಪ. ಬೆಕ್ಕಿನ ಮಲದಿಂದ ಹರಡುವ ಟಾಕ್ಸೋಪ್ಲಾಸ್ಮಾ ಬಸುರಿಯಲ್ಲಿ ತಗುಲಿದರೆ ಮಗುವಿನ ಕಣ್ಣು, ಮೆದುಳಿನ ಜೊತೆ ಕೆಲವೊಮ್ಮೆ ಕಿವಿಯೂ ಹಾಳಾಗಬಹುದು. ಹಂದಿಯ ಲಾಡಿಹುಳದ ಮರಿಗಳು ಮೆದುಳಲ್ಲಿ ಗಂಟು ಕಟ್ಟಿದರೂ ತಲೆ ಸುತ್ತಬಹುದು. ಆದರೆ ಅಲ್ಲಿ ಸಾಮಾನ್ಯವಾಗಿ ಮೊದಲು ಕಾಣುವುದು ಫಿಟ್ಸ್ ಮತ್ತು ತಲೆನೋವು. "ನಾವು ಸಸ್ಯಾಹಾರಿಗಳು" ಎಂದು ಹೇಳಬೇಡಿ. ಈ ಗಂಟು ಬರುವುದು ಮಾಂಸದಿಂದಲ್ಲ, ಮನುಷ್ಯನ ಮಲದಲ್ಲಿರುವ ಮೊಟ್ಟೆ ತೊಳೆಯದ ಸೊಪ್ಪು, ಕೊಳಕು ಕೈ ಮೂಲಕ ಹೊಟ್ಟೆ ಸೇರಿದಾಗ. ಅಂಥವರು ಸ್ಕ್ಯಾನ್ ಮಾಡಿಸದೆ ಹುಳದ ಮಾತ್ರೆ ನುಂಗುತ್ತಾ ಹೋದರೆ ಗಂಟಿನ ಸುತ್ತ ಮೆದುಳು ಊದಿಕೊಂಡು ಫಿಟ್ಸ್ ಬರಬಹುದು. ಮಕ್ಕಳಿಗೆ ಶಾಲೆಯಲ್ಲಿ ಕೊಡುವ ಒಂದು ಮಾತ್ರೆಯ ಮಾತು ಬೇರೆ. ಅದನ್ನು ತಪ್ಪಿಸಬೇಡಿ.

ಪ್ರಶ್ನೆ: ಜಾತ್ರೆಯಲ್ಲಿ ಒಬ್ಬ ನನ್ನ ಕಿವಿಯಿಂದ ಬಿಳಿ ಹುಳ ತೆಗೆದು ತೋರಿಸಿದ. – ಅಂಕೋಲಾ

ಅವನು ಕೈಯಲ್ಲೇ ಇಟ್ಟುಕೊಂಡು ಬಂದಿದ್ದ. ನಿಜವಾಗಿ ಹುಳ ಬಿದ್ದ ಕಿವಿ ಗಬ್ಬು ನಾರುತ್ತದೆ, ರಕ್ತ ಸೋರುತ್ತದೆ, ಜೀವ ಹೋಗುವಷ್ಟು ನೋಯುತ್ತದೆ. ಸೋರುವ ಕಿವಿಯನ್ನು ವರ್ಷಗಟ್ಟಲೆ ಹಾಗೇ ಬಿಟ್ಟವರಲ್ಲಿ ನೊಣ ಮೊಟ್ಟೆ ಇಟ್ಟರೆ ಹಾಗಾಗುತ್ತದೆ.

ಪ್ರಶ್ನೆ: ಕಿವಿಯೊಳಗೆ ಉಣುಗು ಕಚ್ಚಿಕೊಂಡಿದೆ. ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಬಿಡಲಾ? – ಸಿದ್ದಾಪುರ

ಬಿಡಬೇಡಿ, ಚಿಮಟವನ್ನೂ ಹಾಕಬೇಡಿ. ವೈದ್ಯರೇ ತೆಗೆಯಲಿ. ಆಮೇಲೆ ಜ್ವರ ಬಂದರೆ ಉಣುಗು ಕಚ್ಚಿದ್ದನ್ನು ಮರೆಯದೆ ಹೇಳಿ. ನಿಮ್ಮದು ಮಂಗನ ಕಾಯಿಲೆಯ ಸೀಮೆ.

ಪ್ರಶ್ನೆ: ಮೀನಿನ ಹುಳದಿಂದ ಕಿವುಡು ಬರುತ್ತಾ? – ಕಾರವಾರ

ಇಲ್ಲ. ಬೇಯಿಸಿ ತಿನ್ನಿ.

ಪ್ರಶ್ನೆ: ಮೊನ್ನೆ ಬೆಳಿಗ್ಗೆ ಎದ್ದಾಗ ಒಂದು ಕಿವಿ ಕೇಳುತ್ತಿರಲಿಲ್ಲ. ಗುಗ್ಗೆ ಇರಬೇಕು ಅಂತ ಎಣ್ಣೆ ಬಿಟ್ಟು ಕಾಯುತ್ತಿದ್ದೇನೆ. – ಕುಮಟಾ

ಕಾಯುವುದು ಯಾಕೆ? ಗುಗ್ಗೆಯೋ ನರದ ತೊಂದರೆಯೋ ಮನೆಯಲ್ಲಿ ಕೂತು ಗೊತ್ತಾಗುವುದಿಲ್ಲ. ನರದ್ದಾದರೆ ಮೊದಲ ಕೆಲವು ದಿನಗಳಲ್ಲಿ ಸ್ಟೀರಾಯ್ಡ್ ಶುರು ಮಾಡಿದರೆ ಕಿವಿ ಉಳಿಯುವ ಅವಕಾಶ ಜಾಸ್ತಿ. ಇದನ್ನು ಓದುತ್ತಿರುವಾಗಲೇ ಎದ್ದು ಕಿವಿ ಡಾಕ್ಟರ ಹತ್ತಿರ ಹೋಗಿ.